ನಾರಿನ ಕಾರುಬಾರು

ಪಾಯಸಗಳಲ್ಲಿ ಎರಡು ಜಾತಿ. ಎಲೆಗೆ ಬಿದ್ದ ತಕ್ಷಣ ಓಡುವ ಜಾತಿ ಒಂದು, ಬಿದ್ದಲ್ಲೇ ಕೂರುವ ಜಾತಿ ಇನ್ನೊಂದು. ಹೆಸರುಬೇಳೆ ಪಾಯಸ ಓಡುವ ಪಂಗಡದ್ದು. ಬಡಿಸುವವನು ಮುಂದಿನ ಎಲೆಗೆ ಹೋಗುವಷ್ಟರಲ್ಲಿ ಅದು ಕೋಸಂಬರಿಯ ಬುಡ ತೋಯಿಸಿ, ಉಪ್ಪಿನಕಾಯಿಯನ್ನು ಸುತ್ತುವರಿದು, ಉಣ್ಣುವವನ ಪಂಚೆಯ ಕಡೆಗೆ ಹೊರಟಿರುತ್ತದೆ. ಎಡಗೈಯಿಂದ ಎಲೆಯ ಅಂಚನ್ನು ಕೊಂಚ ಎತ್ತಿ, ಬಲಗೈಯಿಂದ ಬಾಚಿ ಬಾಚಿ ಬಾಯಿಗೆ ಹಾಕಿಕೊಳ್ಳುವ ವಿದ್ಯೆ ಗೊತ್ತಿಲ್ಲದವರು ಪಂಕ್ತಿಯಲ್ಲಿ ಅದರ ಆಸೆ ಬಿಡುವುದೇ ಒಳ್ಳೆಯದು. ಶಾವಿಗೆ ಪಾಯಸಕ್ಕೆ ಈ ಚಪಲವಿಲ್ಲ; ಅದರ ತಂಟೆಯೇ ಬೇರೆ. ಬಕೆಟ್ಟಿನಿಂದ ಸೌಟಿಗೆ ಬರಲು ಅದು ಸುಲಭಕ್ಕೆ ಒಪ್ಪುವುದಿಲ್ಲ. ಮೊದಲ ಸಲ ಬರೀ ಹಾಲು ಬರುತ್ತದೆ. ಎರಡನೇ ಸಲ ನಾಲ್ಕಾರು ಎಳೆಗಳು ಸೌಟಿನ ಅಂಚಿಗೆ ಜೋತುಬಿದ್ದು, ಅತ್ತ ಬಕೆಟ್ಟನ್ನೂ ಬಿಡದೆ ಇತ್ತ ಎಲೆಗೂ ಇಳಿಯದೆ ತೂಗಾಡುತ್ತವೆ. ಹಿಂದಿನಿಂದ ಅನ್ನದವನು ಅವಸರ ಮಾಡುತ್ತಿರುತ್ತಾನೆ. ಮೂರನೇ ಸಲ ಇವನು ರೇಗಿ ಸೌಟನ್ನು ಆಳಕ್ಕೆ ಇಳಿಸಿದರೆ ಇಡೀ ಗೊಂಚಲೇ ಎದ್ದುಬಂದು ದೊಪ್ಪನೆ ಬೀಳುತ್ತದೆ. ‘ಶುಗರ್ ಇದೆ, ಒಂದು ಚಮಚ ಸಾಕು’ ಎಂದು ಕೈ ಅಡ್ಡ ಹಿಡಿದವರ ಎಲೆಗೇ ಅದು ಬೀಳುವುದು.

ಇದಕ್ಕೆ ಅಡುಗೆಯವರನ್ನು ದೂರುವುದು ರೂಢಿ. ಹಾಲಿನಲ್ಲಿ ಜಿಪುಣತನ ಮಾಡಿದ್ದಾರೆ ಎಂದು ಒಬ್ಬರು, ಬೆಳಿಗ್ಗೆಯೇ ಮಾಡಿಟ್ಟದ್ದು ಎಂದು ಇನ್ನೊಬ್ಬರು. ಎರಡನೆಯ ಆರೋಪದಲ್ಲಿ ಹುರುಳಿದೆ. ಶಾವಿಗೆ ಇಟ್ಟಷ್ಟೂ ಹಾಲು ಕುಡಿಯುತ್ತದೆ, ಉಬ್ಬುತ್ತದೆ, ತನ್ನ ಹಿಟ್ಟಿನ ಅಂಶವನ್ನು ಹಾಲಿಗೆ ಬಿಡುತ್ತದೆ. ಮಧ್ಯಾಹ್ನದ ಪಾಯಸ ಸಂಜೆಗೆ ಚಾಕುವಿನಿಂದ ಕತ್ತರಿಸಿ ಹಂಚುವ ಸ್ಥಿತಿಗೆ ಬರುವುದು ಹೀಗೆ. ಆದರೆ ಒಲೆಯಿಂದ ಆಗಷ್ಟೇ ಇಳಿಸಿದ ಶಾವಿಗೆ ಪಾಯಸವೂ ಬೇಳೆಯದರ ಹಾಗೆ ಓಡುವುದಿಲ್ಲವಲ್ಲ! ಹಿಟ್ಟಿನ ಪಾಲಿನ ತಪ್ಪನ್ನು ಹಿಟ್ಟಿಗೆ ಹೊರಿಸಿದ ಮೇಲೂ ಸ್ವಲ್ಪ ಉಳಿಯುತ್ತದೆ, ಅದು ಆಕಾರದ್ದು. ಬೇಳೆ ಗುಂಡಗೆ, ಶಾವಿಗೆ ಉದ್ದ. ಬರೀ ಉದ್ದವೂ ಅಲ್ಲ, ಬಳುಕುವ ಉದ್ದ.

ಗುಂಡಗಿನ ಕಣಗಳು ತೇಲುತ್ತಿದ್ದರೆ ನೀರು ಎಷ್ಟು ಮಂದವಾಗುತ್ತದೆ ಎಂಬ ಲೆಕ್ಕವನ್ನು ಹಾಕಿದವರು ಬೇರೆ ಯಾರೂ ಅಲ್ಲ, ಐನ್‌ಸ್ಟೈನ್. ಅವರ ಡಾಕ್ಟರೇಟ್ ಪ್ರಬಂಧ ಸಾಪೇಕ್ಷತೆಯ ಮೇಲಲ್ಲ, ಸಕ್ಕರೆ ನೀರಿನ ಮೇಲೆ. ಸಕ್ಕರೆ ಕರಗಿದ ನೀರಿನ ಸ್ನಿಗ್ಧತೆ ಎಷ್ಟು ಏರಿತು ಎಂಬುದರಿಂದ ಸಕ್ಕರೆಯ ಅಣುವಿನ ಗಾತ್ರ ತಿಳಿಯುವುದು ಅವರ ಉಪಾಯ. 1905ರಲ್ಲಿ ಬರೆದದ್ದು 1906ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲೊಂದು ಲೆಕ್ಕದ ತಪ್ಪಿತ್ತು ಎನ್ನುವುದು ಗಣಿತದಲ್ಲಿ ಹಿಂದುಳಿದವರೆಲ್ಲ ನೆನಪಿಟ್ಟುಕೊಳ್ಳಬೇಕಾದ ಸಂಗತಿ. ಪ್ಯಾರಿಸ್‌ನ ಪೆರಾಂ ಅವರ ಪ್ರಯೋಗಶಾಲೆಯಲ್ಲಿ ಬಾನ್ಸಲಾಂ ಎಂಬವರು ಅಳೆದು ನೋಡಿದರೆ ನೀರು ಸೂತ್ರ ಹೇಳಿದ್ದಕ್ಕಿಂತ ಮಂದ. ಐನ್‌ಸ್ಟೈನ್ ತಮ್ಮ ಜೊತೆಗಿದ್ದ ಹಾಪ್ಫ್ ಅವರಿಗೆ ಲೆಕ್ಕವನ್ನು ಮತ್ತೊಮ್ಮೆ ನೋಡಲು ಹೇಳಿದರು, ತಪ್ಪು ಸಿಕ್ಕಿತು, 1911ರಲ್ಲಿ ತಿದ್ದುಪಡಿ ಬಂತು. ಒಂದು ಇದ್ದ ಗುಣಕ ಎರಡೂವರೆ ಆಯಿತು. ಅಂದರೆ, ನೂರು ಪಾಲಿನಲ್ಲಿ ಒಂದು ಪಾಲು ಗುಂಡು ಕಣ ಬೆರೆಸಿದರೆ ನೀರು ಎರಡೂವರೆ ಪರ್ಸೆಂಟಿನಷ್ಟು ಮಂದವಾಗುತ್ತದೆ. ಕಣ ಸಾಸಿವೆಯಷ್ಟೋ ರವೆಯಷ್ಟೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ, ಒಟ್ಟು ಎಷ್ಟು ಜಾಗ ಹಿಡಿಯಿತು ಎಂಬುದಷ್ಟೇ ಮುಖ್ಯ. ಎರಡೂವರೆ ಪರ್ಸೆಂಟಿನ ವ್ಯತ್ಯಾಸ ಯಾರ ನಾಲಿಗೆಗೂ, ಯಾರ ಸೌಟಿಗೂ ತಿಳಿಯದು. ಗುಂಡು ಕಣಗಳು ಒಟ್ಟಿನಲ್ಲಿ ಸಜ್ಜನರು.

ಅದೇ ಒಂದು ಪಾಲನ್ನು ನಾರಾಗಿ ಎಳೆದು ಹಾಕಿ ನೋಡಿ. ಆಗ ಆಗುವುದೇನು ಎಂದು ನನಗೆ ಹೇಳಿದವರು ನನ್ನ ಭಾವ. ಅಕ್ಕನ ಗಂಡ. ಒಂದು ಕಾಗದದ ಕಾರ್ಖಾನೆಯಲ್ಲಿ ನೌಕರಿ ಮುಗಿಸಿ ಬಂದವರು. ಬಂದರೇ ಹೊರತು ಕಾರ್ಖಾನೆ ಅವರನ್ನು ಬಿಟ್ಟಿಲ್ಲ. ಆ ಕಸುಬಿನಲ್ಲಿ ‘ಕನ್ಸಿಸ್ಟೆನ್ಸಿ’ ಎಂದರೆ ಪಲ್ಪಿನಲ್ಲಿ, ಅಂದರೆ ನಾರು ಕಲಸಿದ ನೀರಿನಲ್ಲಿ, ಒಣ ನಾರು ತೂಕದಲ್ಲಿ ನೂರಕ್ಕೆ ಎಷ್ಟಿದೆ ಎಂಬ ಲೆಕ್ಕ. ಭಾವನ ಬಾಯಲ್ಲಿ ಅದು ಸಾರಿಗೂ, ಸಾಂಬಾರಿಗೂ, ಅಳಿಯನ ಮಾತಿಗೂ ಅನ್ವಯಿಸುತ್ತದೆ. ಸಾರು ಬಡಿಸಿಕೊಂಡು, ಅನ್ನದ ಗುಂಡಿಯಿಂದ ಅದು ಸೋರಿ ಹೋಗುವುದನ್ನು ನೋಡುತ್ತ, ‘ಅರ್ಧ ಪರ್ಸೆಂಟೂ ಇಲ್ಲವಲ್ಲೇ’ ಎನ್ನುತ್ತಾರೆ. ‘ಸಾರಿನಲ್ಲಿ ನಾರು ಯಾಕೆ ಇರಬೇಕು ನಿಮಗೆ’ ಎಂದು ಅಕ್ಕ ಒಳಗಿನಿಂದಲೇ ಉತ್ತರ ಕೊಡುತ್ತಾಳೆ. ನಲವತ್ತು ವರ್ಷದ ಸಂಸಾರದ ಸಂಭಾಷಣೆ ಅದು, ನಾನು ನಡುವೆ ಬಾಯಿ ಹಾಕುವುದಿಲ್ಲ.

ಭಾವ ಹೇಳುವ ಪ್ರಕಾರ ಅರ್ಧ ಪರ್ಸೆಂಟಿನ ಪಲ್ಪ್ ನೋಡಲು ತುಸು ಹಾಲು ಬೆರೆಸಿದ ನೀರು. ಬಕೆಟ್ಟಿನಿಂದ ಸುರಿದರೆ ಸುರಿಯುತ್ತದೆ. ಮೂರು ನಾಲ್ಕು ಪರ್ಸೆಂಟಿಗೆ ಬರುವಷ್ಟರಲ್ಲಿ ಅದು ಗಂಜಿ. ಕೈಯಲ್ಲಿ ಎತ್ತಿದರೆ ಬೊಗಸೆಯಲ್ಲಿ ನಿಲ್ಲುತ್ತದೆ. ಹತ್ತು ಹನ್ನೆರಡಕ್ಕೆ ಹೋದರೆ ನೀರೇ ಕಣ್ಣಿಗೆ ಬೀಳದು. ಉಂಡೆ ಕಟ್ಟಿ ಇನ್ನೊಬ್ಬರ ಮೇಲೆ ಎಸೆಯಬಹುದು. ಎಸೆದದ್ದರಲ್ಲಿ ಸುಮಾರು ತೊಂಬತ್ತು ಪಾಲು ನೀರೇ! ತೊಂಬತ್ತು ಮಂದಿ ನೀರಿನವರ ಮೇಲೆ ಹತ್ತು ಮಂದಿ ನಾರಿನವರು ನಡೆಸುವ ಇಂಥ ದರ್ಬಾರು ಸಂಸ್ಥಾನಗಳ ಕಾಲದಲ್ಲೂ ಅಪರೂಪ. ಅದಕ್ಕೆ ಬೇಕಾದ ಸೈನ್ಯವೂ ಇಲ್ಲ, ಖಜಾನೆಯೂ ಇಲ್ಲ. ಒಬ್ಬರನ್ನೊಬ್ಬರು ತೊಡರಿಕೊಂಡಿದ್ದರೆ ಸಾಕು.

ಗುಂಡನ್ನು ಬಿಟ್ಟು ಉದ್ದದ ಲೆಕ್ಕಕ್ಕೆ ಕೈ ಹಾಕಿದವರು ಜೆಫರಿ ಎಂಬ ಇಂಗ್ಲೆಂಡಿನ ಗಣಿತಜ್ಞರು, 1922ರಲ್ಲಿ. ಹರಿಯುವ ದ್ರವದಲ್ಲಿ ಎಲ್ಲ ಪದರಗಳ ವೇಗ ಒಂದೇ ಅಲ್ಲ. ಹೊಳೆಯ ದಂಡೆಯ ಬಳಿ ನೀರು ನಿಧಾನ, ನಡುವೆ ಜೋರು. ನಡುವೆ ಒಂದು ತುದಿ, ದಂಡೆಯ ಕಡೆ ಇನ್ನೊಂದು ತುದಿ ಇರುವಂತೆ ಒಂದು ಕಡ್ಡಿ ಸಿಕ್ಕಿಕೊಂಡರೆ ಒಂದು ತುದಿ ಮುಂದೋಡುತ್ತದೆ, ಇನ್ನೊಂದು ಹಿಂದುಳಿಯುತ್ತದೆ, ಕಡ್ಡಿ ತಿರುಗುತ್ತದೆ. ತಿರುಗಿ ಹರಿವಿನ ದಿಕ್ಕಿಗೆ ಉದ್ದಕ್ಕೆ ಮಲಗಿದ ಮೇಲೆ ಅದನ್ನು ಎಬ್ಬಿಸುವವರಿಲ್ಲ. ಎರಡು ತುದಿಯೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿರುತ್ತವೆ. ಹಾಗಾಗಿ ಅದು ಬಹುಕಾಲ ಮಲಗಿಯೇ ಇರುತ್ತದೆ, ಆಮೇಲೆ ಯಾವಾಗಲೋ ಸರಕ್ಕನೆ ಎದ್ದು ಮಗುಚಿ ಮತ್ತೆ ಮಲಗುತ್ತದೆ. ಕಡ್ಡಿ ಸಪೂರವಾದಷ್ಟೂ ನಿದ್ರೆ ದೀರ್ಘ. ತಿಂಗಳಿಡೀ ಒರಗಿದ್ದು ಸಂಬಳದ ದಿನ ಮಾತ್ರ ಎದ್ದು ಓಡಾಡುವವರನ್ನು ಕಂಡವರಿಗೆ ಜೆಫರಿಯವರ ಸಮೀಕರಣ ಬಿಡಿಸುವ ಅಗತ್ಯವಿಲ್ಲ. ಮಲಗಿದ ಕಡ್ಡಿಯಿಂದ ಹರಿವಿಗೆ ಅಡ್ಡಿ ಕಡಿಮೆ. ಎದ್ದು ಮಗುಚುವಾಗಲೇ ಅದು ಅಡ್ಡ ಬರುವುದು.

ಆದರೆ ಜೆಫರಿಯವರ ಕಡ್ಡಿ ಬಾಗುವುದಿಲ್ಲ. ನಾರು ಬಾಗುತ್ತದೆ. ಈ ಬಾಗುವಿಕೆಯನ್ನು ಕಣ್ಣಾರೆ ನೋಡಿದವರು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಸ್ಟಾನ್ಲಿ ಮೇಸನ್ ಮತ್ತು ಅವರ ಸಂಗಡಿಗರು. ಕೆನಡಾ ಕಾಗದದ ದೇಶ. ಪಲ್ಪ್ ಮತ್ತು ಕಾಗದಕ್ಕೆಂದೇ ಅಲ್ಲೊಂದು ಸಂಶೋಧನಾ ಸಂಸ್ಥೆಯಿತ್ತು. 1950ರ ದಶಕದಲ್ಲಿ ಇವರು ಮಂದವಾದ ದ್ರವಗಳಲ್ಲಿ ಸಣ್ಣ ಎಳೆಗಳನ್ನು ಬಿಟ್ಟು, ಎದುರು ಬದಿರು ದಿಕ್ಕಿಗೆ ತಿರುಗುವ ಎರಡು ಉರುಳೆಗಳ ನಡುವೆ ಇಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತರು. ಎದುರು ಬದಿರು ತಿರುಗಿಸಿದರೆ ಎಳೆ ಕಣ್ಣೆದುರಿನಿಂದ ಓಡಿಹೋಗದೆ ಇದ್ದಲ್ಲೇ ಹೊರಳುತ್ತದೆ, ಅದು ಅವರ ಜಾಣತನ. 1958ರಲ್ಲಿ ಮೇಸನ್ ಅವರೊಡನೆ ನವಾಬ್ ಎಂಬವರು ರೇಯಾನ್ ದಾರದ ತುಣುಕುಗಳ ಮೇಲೆ ಮಾಡಿದ ಪ್ರಯೋಗದ ದ್ರವ ಹರಳೆಣ್ಣೆ. ಅದನ್ನು ಓದಿ ನನಗೆ ವಿಜ್ಞಾನದೊಡನೆ ಮೊದಲ ಬಾರಿ ಬಂಧುತ್ವ ಹುಟ್ಟಿತು. ನಮ್ಮ ಬಾಲ್ಯದಲ್ಲಿ ಹರಳೆಣ್ಣೆಯ ಸ್ನಿಗ್ಧತೆಯನ್ನು ಗಂಟಲಿನಿಂದಲೇ ಅಳೆಯುತ್ತಿದ್ದರು. ಮೂಗು ಹಿಡಿದು ಸುರಿದರೆ ಒಳಗೆ ಇಳಿಯಲು ಅದು ತೆಗೆದುಕೊಳ್ಳುತ್ತಿದ್ದ ಕಾಲ ಇನ್ನೂ ನೆನಪಿದೆ.

ಬಿಗಿಯಾದ ಎಳೆ ಜೆಫರಿ ಹೇಳಿದಂತೆಯೇ ಒಟ್ಟಾಗಿ ಮಗುಚುವುದನ್ನು ಅವರು ಕಂಡರು. ಸ್ವಲ್ಪ ಮೆತುವಾದದ್ದು ಬಿಲ್ಲಿನ ಹಾಗೆ ಬಾಗಿ ಮಗುಚಿತು. ಇನ್ನೂ ಮೆತುವಾದದ್ದು ಮಗುಚುವ ಶ್ರಮವನ್ನೇ ತೆಗೆದುಕೊಳ್ಳಲಿಲ್ಲ. ಒಂದು ತುದಿ ಮಾತ್ರ ಹಿಂದಕ್ಕೆ ತಿರುಗಿ, ತನ್ನ ಮೈಗುಂಟ ಜಾರುತ್ತ, ಹಾವು ಹೊರಳುವ ಹಾಗೆ ಹೊರಳಿತು. ಬಹಳ ಉದ್ದದ್ದು ಸುರುಳಿ ಸುತ್ತಿಕೊಂಡು ತನಗೆ ತಾನೇ ಗಂಟು ಹಾಕಿಕೊಂಡಿತು. ಜೊತೆಗೆ, ಬಾಗಿದ ಎಳೆ ಜೆಫರಿಯವರ ಲೆಕ್ಕಕ್ಕಿಂತ ಬೇಗ ಬೇಗ ಮಗುಚುತ್ತಿತ್ತು. ಬಾಗಿದವನಿಗೆ ನಿದ್ರೆ ಇಲ್ಲ. ಅರವತ್ತು ವರ್ಷದ ಮೇಲೆ, 2018ರಲ್ಲಿ, ಪ್ಯಾರಿಸ್‌ನ ಅನ್ಕೆ ಲಿಂಡ್ನರ್, ಒಲಿವಿಯಾ ದು ರೂರ್ ಮತ್ತು ಜೊತೆಗಾರರು ಇದೇ ನಾಟಕವನ್ನು ಜೀವಕೋಶದ ಒಳಗಿರುವ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳಲ್ಲಿ ನೋಡಿದರು. ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು. ಆದರೂ ಅಂಕಗಳ ಅನುಕ್ರಮ ಅದೇ: ಮಗುಚುವುದು, ಬಾಗುವುದು, ಹಾವಿನ ಹೊರಳು.

ಈ ಬಾಗುವ ಲೆಕ್ಕದಲ್ಲಿ ಉದ್ದಕ್ಕಿರುವ ಅಧಿಕಾರ ಗಾಬರಿ ಹುಟ್ಟಿಸುವಂಥದ್ದು. ಎಳೆಯ ಉದ್ದ ಎರಡು ಪಟ್ಟಾದರೆ ಹರಿವು ಅದನ್ನು ಬಗ್ಗಿಸುವ ಸಾಮರ್ಥ್ಯ ಎರಡಲ್ಲ, ನಾಲ್ಕಲ್ಲ, ಹದಿನಾರು ಪಟ್ಟು, ಅಂದರೆ ಎರಡರ ನಾಲ್ಕನೇ ಘಾತದಷ್ಟು, ಏರುತ್ತದೆ. ದಪ್ಪದ ಕಡೆಯಿಂದಲೂ ಅಷ್ಟೇ: ದಪ್ಪ ಅರ್ಧಕ್ಕಿಳಿದರೆ ಎಳೆಯ ಬಿಗಿತ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊಸೆದ ಶಾವಿಗೆಯ ಎಳೆ ಎಷ್ಟು ಸಣ್ಣಗಿದೆ ಎಂದು ಬೀಗರ ಮುಂದೆ ತೋರಿಸಿ ಹಿಗ್ಗುತ್ತಿದ್ದ ಉತ್ತರ ಕರ್ನಾಟಕದ ಹೆಂಗಸರು ಈ ನಾಲ್ಕನೇ ಘಾತದೊಡನೆಯೇ ಸರಸವಾಡುತ್ತಿದ್ದರು.

ಇಷ್ಟಾದರೂ ಬಾಗುವುದರಿಂದ ದ್ರವ ಮಂದವಾಗುತ್ತದೆಯೋ ತೆಳುವಾಗುತ್ತದೆಯೋ? ಇಲ್ಲಿ ಉತ್ತರ ಒಂಟಿಗೆ ಒಂದು, ಗುಂಪಿಗೆ ಇನ್ನೊಂದು. ಒಂಟಿ ಎಳೆ ಜೋರು ಹರಿವಿನಲ್ಲಿ ಮಡಚಿಕೊಂಡರೆ ಅದು ಹರಿವಿಗೆ ಒಡ್ಡುವ ಮೈ ಕಿರಿದಾಗುತ್ತದೆ, ಅಡ್ಡಿಯೂ ಕಡಿಮೆ. ಬಗ್ಗಿದವನು ಬದುಕಿದ ಎಂಬ ಲೋಕರೂಢಿಯ ಬುದ್ಧಿವಾದ ಅಲ್ಲಿಗೆ ಸರಿ. ಗುಂಪಿನಲ್ಲಿ ಆ ಬುದ್ಧಿವಾದ ತಲೆಕೆಳಗು. ನೆಟ್ಟಗಿರುವ ಕಡ್ಡಿಗಳು ಒಂದಕ್ಕೊಂದು ಒತ್ತಾಗಿ ಮಲಗಿ ದಾರಿ ಬಿಡುತ್ತವೆ. ಬಾಗುವವರು ಹಾಗಲ್ಲ, ಒಬ್ಬನ ಬಾಗಿನಲ್ಲಿ ಇನ್ನೊಬ್ಬನ ತುದಿ, ಅವನ ಬಗಲಿನಲ್ಲಿ ಮತ್ತೊಬ್ಬನ ನಡು. ಮಾಂಟ್ರಿಯಲ್‌ನಲ್ಲೇ 2009ರಲ್ಲಿ ಇನ್ನೊಂದು ತಂಡ ಬಿಗಿ ನಾರುಗಳನ್ನೂ ಮೆತು ನಾರುಗಳನ್ನೂ ಹೋಲಿಸಿ ನೋಡಿತು: ನಾರು ಮೆತುವಾದಷ್ಟೂ ದ್ರವ ಮಂದ. ಅದಕ್ಕೂ ಮೊದಲು 2003ರಲ್ಲಿ ಅಮೆರಿಕದ ಸ್ವಿಟ್ಜರ್ ಮತ್ತು ಕ್ಲಿಂಗೆನ್‌ಬರ್ಗ್ ಕಂಪ್ಯೂಟರಿನಲ್ಲಿ ನಾರುಗಳ ಗುಂಪನ್ನೇ ಹರಿಸಿ ನೋಡಿದ್ದರು. ಹುಟ್ಟಾ ನೆಟ್ಟಗಿರುವ ನಾರಿಗಿಂತ ತುಸುವೇ ಡೊಂಕಾಗಿ ಹುಟ್ಟಿದ ನಾರು ಸ್ನಿಗ್ಧತೆಯನ್ನು ಎಷ್ಟೋ ಹೆಚ್ಚು ಏರಿಸಿತು. ಅತಿ ಮೃದು ಸ್ವಭಾವದವರೇ ತುಂಬಿರುವ ಸಮಿತಿಗಳಲ್ಲಿ ಯಾವ ನಿರ್ಣಯವೂ ಮುಂದಕ್ಕೆ ಹರಿಯದೆ ಇರುವುದನ್ನು ನಾನು ಕಂಡಿದ್ದೇನೆ, ಆದರೆ ಅದನ್ನು ಇಲ್ಲಿ ತರುವುದು ಬೇಡ.

ಗುಂಪು ಯಾವಾಗ ಗುಂಪಾಗುತ್ತದೆ ಎಂಬುದಕ್ಕೂ ಒಂದು ಅಂಕಿ ಇದೆ. ಕೆನಡಾದ ವ್ಯಾಂಕೂವರ್‌ನಲ್ಲಿದ್ದ ಕೆರೆಕೆಸ್ ಮತ್ತು ಶೆಲ್ 1992ರಲ್ಲಿ ಅದನ್ನು ಚಾಲ್ತಿಗೆ ತಂದರು. ಒಂದು ನಾರಿನ ಉದ್ದವೇ ವ್ಯಾಸವಾಗಿರುವ ಗೋಳವನ್ನು ಮನಸ್ಸಿನಲ್ಲಿ ಊಹಿಸಿಕೊಳ್ಳಿ. ಆ ಗೋಳದೊಳಗೆ ಎಷ್ಟು ನಾರುಗಳ ಪಾಲು ಬರುತ್ತದೆ? ಒಂದಕ್ಕಿಂತ ಕಡಿಮೆಯಾದರೆ ಎಲ್ಲರೂ ಏಕಾಂತವಾಸಿಗಳು. ಒಂದರಿಂದ ಅರವತ್ತರವರೆಗೆ ಢಿಕ್ಕಿ, ಕ್ಷಮಾಪಣೆ, ಮತ್ತೆ ಢಿಕ್ಕಿ. ಅರವತ್ತು ದಾಟಿದರೆ ಪ್ರತಿ ನಾರನ್ನೂ ಸರಾಸರಿ ಮೂರು ನಾರುಗಳು ಮುಟ್ಟಿಕೊಂಡಿರುತ್ತವೆ, ಮತ್ತು ಆಗ ಸಂಗತಿಯೇ ಬೇರೆ. ಎರಡು ಕಡೆ ಮುಟ್ಟಿದರೆ ನುಣುಚಿಕೊಳ್ಳಬಹುದು. ಮೂರು ಕಡೆ, ಒಂದು ಬಲದಿಂದ, ಒಂದು ಎಡದಿಂದ, ಮತ್ತೊಂದು ಬಲದಿಂದ ಮುಟ್ಟಿದರೆ ನಾರು ಬಾಗಿದ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ. ನೆಟ್ಟಗಾಗಲು ಅದು ತುಡಿಯುತ್ತದೆ, ಆ ತುಡಿತವೇ ನೆರೆಯವರನ್ನು ಇನ್ನಷ್ಟು ಒತ್ತಿ ಹಿಡಿಯುತ್ತದೆ. ಹೀಗೆ ಕಟ್ಟಿದ ಮುದ್ದೆಗೆ ಅಂಟು ಬೇಕಿಲ್ಲ. ಪೂರ್ತಿ ಬಿಗಿಯಾಗಿದ್ದರೆ ಬಾಗುತ್ತಿರಲಿಲ್ಲ. ಪೂರ್ತಿ ಸೋತು ಜೋತಿದ್ದರೆ ಒತ್ತುತ್ತಿರಲಿಲ್ಲ. ಬಾಗಿಯೂ ಬಾಗಲೊಲ್ಲದ ಈ ನಡುವಿನ ಸ್ವಭಾವದಿಂದಲೇ ಗಂಟು ನಿಲ್ಲುವುದು.

ಈ ಲೆಕ್ಕದಲ್ಲಿ ಉದ್ದವನ್ನು ದಪ್ಪದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ದ್ರವದಲ್ಲಿ ನಾರು ಹಿಡಿದಿರುವ ಪಾಲಿನಿಂದ ಗುಣಿಸಿ, ಅದರಲ್ಲಿ ಮೂರನೇ ಎರಡು ಪಾಲು ತೆಗೆದುಕೊಳ್ಳಬೇಕು. ನಾನು ಪಾಯಸಕ್ಕೆ ಹಾಕಿ ನೋಡಿದೆ. ಬೆಂದ ಎಳೆ ಒಂದು ಮಿಲಿಮೀಟರ್ ದಪ್ಪ, ಆರು ಸೆಂಟಿಮೀಟರ್ ಉದ್ದ, ಪಾತ್ರೆಯಲ್ಲಿ ಶಾವಿಗೆಯ ಪಾಲು ನೂರಕ್ಕೆ ಐದು ಎಂದಿಟ್ಟುಕೊಂಡರೆ ಉತ್ತರ 120. ಗಂಟು. ಅದೇ ಶಾವಿಗೆಯನ್ನು ಮುರಿದು ಮೂರು ಸೆಂಟಿಮೀಟರ್ ಮಾಡಿದರೆ ಉತ್ತರ 30. ಒಂದು ಎಳೆಯೂ ಕಡಿಮೆಯಾಗಿಲ್ಲ, ಒಂದು ಲೋಟ ಹಾಲೂ ಹೆಚ್ಚಾಗಿಲ್ಲ, ಪಾಯಸ ಮಾತ್ರ ಸೌಟಿಗೆ ಬಂತು. ಈ ಲೆಕ್ಕವನ್ನು ನಾನು ಬಹಳ ಉತ್ಸಾಹದಿಂದ ಅಕ್ಕನ ಮುಂದಿಟ್ಟೆ. ಅವಳು ಹುರಿಯುವ ಮೊದಲು ಶಾವಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಪಟಪಟ ಮುರಿಯುತ್ತಿದ್ದಳು. ‘ಬೆರಳಿನ ಗೆಣ್ಣಿಗಿಂತ ಉದ್ದ ಬಿಡಬಾರದು ಅಂತ ಅತ್ತೆ ಹೇಳಿಕೊಟ್ಟಿದ್ದು’ ಎಂದಳು. ಗೆಣ್ಣು ಅಳೆದೆ. ಮೂರು ಸೆಂಟಿಮೀಟರಿಗೆ ಕೊಂಚ ಕಡಿಮೆ.

ಕಾಗದದ ನಾರಿಗೆ ಬಂದರೆ ಅಂಕಿ ಇನ್ನೂ ಕಠೋರ. ಪೈನ್ ಜಾತಿಯ ಮರದ ನಾರು ಸುಮಾರು ಮೂರು ಮಿಲಿಮೀಟರ್ ಉದ್ದ. ದಪ್ಪ ಅದರ ನೂರರಲ್ಲೊಂದು. ಲೆಕ್ಕ ಹಾಕಿದರೆ ನೀರಿನಲ್ಲಿ ನಾರಿನ ಪಾಲು ನೂರಕ್ಕೆ ಒಂದು ಮುಟ್ಟುವ ಮೊದಲೇ ಅರವತ್ತು ದಾಟಿರುತ್ತದೆ. ಆದ್ದರಿಂದಲೇ ಕಾಗದ ಮಾಡುವ ಯಂತ್ರದ ಬಾಯಿಗೆ, ಅಂದರೆ ಹೆಡ್‌ಬಾಕ್ಸಿಗೆ, ಹೋಗುವ ಪಲ್ಪು ಅರ್ಧದಿಂದ ಒಂದು ಪರ್ಸೆಂಟಿನಷ್ಟು ತೆಳುವಾಗಿರಬೇಕು. ಒಂದು ಕಿಲೋ ನಾರಿಗೆ ನೂರರಿಂದ ಇನ್ನೂರು ಕಿಲೋ ನೀರು ಬೆರೆಸುವುದು, ಜಾಲರಿಯ ಮೇಲೆ ಚೆಲ್ಲಿದ ಮರುಕ್ಷಣದಿಂದಲೇ ಅಷ್ಟೂ ನೀರನ್ನು ಬಸಿಯಲು, ಹಿಂಡಲು, ಕಾಯಿಸಲು ಹೆಣಗುವುದು. ನೀರು ಬೆರೆಸುವುದು ನಾರುಗಳು ಒಂದನ್ನೊಂದು ತಬ್ಬಿಕೊಳ್ಳದಿರಲಿ ಎಂದು; ನೀರು ತೆಗೆಯುವುದು ಅವು ಬಿಡದೆ ತಬ್ಬಿಕೊಳ್ಳಲಿ ಎಂದು. ಕಾಗದದ ಉದ್ಯಮ ನೀರಿನ ಪಕ್ಕದಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಗೆ ಭದ್ರಾವತಿಯಲ್ಲಿ ಭದ್ರೆ ಇದ್ದಳು, ದಾಂಡೇಲಿಯ ಕಾರ್ಖಾನೆಗೆ ಕಾಳಿ ನದಿ. ಸುತ್ತಲಿನ ಕಾಡಿನಲ್ಲಿ ಬಿದಿರು. ಭದ್ರಾವತಿಯ ಯಂತ್ರಗಳು ನಿಂತು ವರ್ಷಗಳಾದವು, ನದಿ ಇದೆ.

ಓದುವವರು ಈಗ ಒಂದು ಕೆಲಸ ಮಾಡಬಹುದು. ಕೈಯಲ್ಲಿರುವ ಯಾವುದಾದರೂ ಬಿಳಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೇಲ್ನೋಟಕ್ಕೆ ಸಪಾಟಾಗಿ ಕಂಡದ್ದು ಒಳಗೆ ಮೋಡ ಮೋಡ. ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತೆಳು. ಆ ದಟ್ಟ ಮಚ್ಚೆಗಳು ನಾರುಗಳು ಯಂತ್ರದ ಬಾಯಿಂದ ಜಾಲರಿಗೆ ಬೀಳುವ ಕ್ಷಣಮಾತ್ರದಲ್ಲಿ ಕಟ್ಟಿಕೊಂಡ ಗುಂಪುಗಳು. ಭಾವನಿಗೆ ಮದುವೆಯ ಆಮಂತ್ರಣ ಬಂದರೆ ವಧು ಯಾರು ವರ ಯಾರು ಎಂದು ನೋಡುವುದಕ್ಕೆ ಮೊದಲು ಅದನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ನಾರು ಹರಡಿದ ರೀತಿ ನೋಡಿ ‘ಫಾರ್ಮೇಶನ್ ಚೆನ್ನಾಗಿಲ್ಲ’ ಎಂದರೆ ಮದುಮಕ್ಕಳ ಬಗ್ಗೆ ಹೇಳಿದ್ದೇನೋ ಎಂದು ಕೊಟ್ಟವರು ಹೆದರಬೇಕು.

ಪಲ್ಪನ್ನು ಕೊಳವೆಯಲ್ಲಿ ಸಾಗಿಸುವ ಸುದ್ದಿ ಎತ್ತಿದರೆ ಭಾವನಿಗೆ ಹತ್ತು ವರ್ಷ ಕಡಿಮೆಯಾಗುತ್ತದೆ. ನಿಧಾನಕ್ಕೆ ನೂಕಿದರೆ ಅದು ಹರಿಯುವುದೇ ಇಲ್ಲವಂತೆ. ನಾರಿನ ಇಡೀ ದಿಂಡು ಒಂದೇ ತುಂಡಾಗಿ ಕೊಳವೆಯ ಗೋಡೆಗೆ ಉಜ್ಜುತ್ತ ಜರುಗುತ್ತದೆ. ಇನ್ನಷ್ಟು ನೂಕಿದರೆ ದಿಂಡಿಗೂ ಗೋಡೆಗೂ ನಡುವೆ ನೀರಿನ ಒಂದು ತೆಳ್ಳನೆ ಪದರ ಬಂದು, ವೇಗ ಹೆಚ್ಚಿದರೂ ಬೇಕಾಗುವ ಒತ್ತಡ ಇಳಿಯುತ್ತದೆ. ಮತ್ತೂ ಜೋರಾಗಿ ನೂಕಿದರೆ ನಡೆಯುವುದನ್ನು ನಂಬುವುದು ಕಷ್ಟ: ನಾರು ಬೆರೆತ ನೀರು ಬರೀ ನೀರಿಗಿಂತ ಸಲೀಸಾಗಿ ಸಾಗುತ್ತದೆ. ಜೋರು ಹರಿವಿನಲ್ಲಿ ಶಕ್ತಿ ಪೋಲಾಗುವುದು ಸುಳಿಗಳಲ್ಲಿ. ನಾರುಗಳು ಆ ಸುಳಿಗಳಿಗೆ ಮೂಗುದಾರ ಹಾಕುತ್ತವೆ. ಕಾಗದದವರು 1930ರ ದಶಕದಲ್ಲೇ ಇದನ್ನು ಗಮನಿಸಿದ್ದರು. ನಿಧಾನದಲ್ಲಿ ಅಡ್ಡಿ, ವೇಗದಲ್ಲಿ ಸಹಾಯ! ಕೈಯಲ್ಲಿ ಉಂಡೆ ಕಟ್ಟಬಹುದಾದ ಹತ್ತು ಪರ್ಸೆಂಟಿನ ಪಲ್ಪಂತೂ ಪಂಪಿಗೆ ಒಗ್ಗದ ವಸ್ತು ಎಂದೇ ಬಹುಕಾಲ ತಿಳಿದಿದ್ದರು. ಫಿನ್ಲೆಂಡಿನ ಗುಲ್ಲಿಕ್ಸೆನ್ ಮತ್ತು ಹಾರ್ಕೊನೆನ್ 1981ರಲ್ಲಿ, ಸಾಕಷ್ಟು ರಭಸವಾಗಿ ಕಡೆದರೆ ಅದೂ ಗಂಟು ಬಿಟ್ಟು ನೀರಿನಂತೆ ವರ್ತಿಸುತ್ತದೆ ಎಂದು ತೋರಿಸಿದರು. ಅದಕ್ಕೆಂದೇ ಪಂಪುಗಳು ಬಂದವು. ಕಡೆಯುವುದು ನಿಂತಿತೋ, ಮತ್ತೆ ಉಂಡೆ.

ಕಡೆಯುವ ಮಾತು ಬಂತಲ್ಲ, ಬಾಳೆದಿಂಡಿನ ವಿಷಯ ಹೇಳಿಬಿಡುತ್ತೇನೆ. ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಾಗ ಎರಡು ಬಿಲ್ಲೆಗಳ ನಡುವೆ ಎಳೆದು ಬರುವ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ಹೋಗುವುದು ಎಲ್ಲ ಅಡುಗೆಮನೆಗಳ ಕ್ರಮ. ಅಷ್ಟು ಮಾಡಿದರೂ ನಾರು ಪೂರ್ತಿ ಹೋಗುವುದಿಲ್ಲ. ಸಣ್ಣಗೆ ಹೆಚ್ಚಿದ್ದನ್ನು ಕಪ್ಪಾಗದಿರಲೆಂದು ನೀರು ಮಜ್ಜಿಗೆಗೆ ಹಾಕಿ, ಒಂದು ಕಡ್ಡಿಯನ್ನೋ ಕಡಗೋಲನ್ನೋ ಅದರೊಳಗೆ ಗರಗರ ತಿರುಗಿಸಿ ತೆಗೆದರೆ ಉಳಿದ ನಾರೆಲ್ಲ ಅದಕ್ಕೆ ಸುತ್ತಿಕೊಂಡು ಬಂದಿರುತ್ತದೆ. ಹೋಳುಗಳು ಮಾತ್ರ ಮಜ್ಜಿಗೆಯಲ್ಲೇ. ಗುಂಡಿಗೂ ನಾರಿಗೂ ಇರುವ ಭೇದವನ್ನು ಇಷ್ಟು ಚೊಕ್ಕವಾಗಿ ತೋರಿಸುವ ಉಪಕರಣ ಯಾವ ಪ್ರಯೋಗಶಾಲೆಯಲ್ಲೂ ಇರಲಾರದು. ತಿರುಗುವ ಕೋಲಿನಿಂದ ಬರೀ ನೀರಾದರೆ ದೂರ ಸರಿದು ನಡುವೆ ಗುಳಿ ಬೀಳುತ್ತದೆ; ಉದ್ದುದ್ದ ಅಣುಗಳಿರುವ ಕೆಲವು ದ್ರವಗಳು ಮಾತ್ರ ಕೋಲನ್ನೇ ಹತ್ತಲು ಹೊರಡುತ್ತವೆ. ವೈಸೆನ್‌ಬರ್ಗ್ 1940ರ ದಶಕದಲ್ಲಿ ಇದನ್ನು ವಿವರಿಸಿದ ಮೇಲೆ ಆ ಏರುವಿಕೆಗೆ ಅವರದೇ ಹೆಸರು ಬಂತು. ನಾರು ಬೆರೆತ ದ್ರವಗಳೂ ಹೀಗೆ ಏರುವುದುಂಟು. ಕೊಳಚೆ ನೀರಿನ ಪಂಪುಗಳಿಗೂ ಈ ಸುತ್ತುವ ಚಟದ ಪರಿಚಯ ಚೆನ್ನಾಗಿದೆ: ಕೂದಲು, ಚಿಂದಿ, ದಾರ ಎಲ್ಲ ಸೇರಿ ಅವುಗಳ ರೆಕ್ಕೆಗಳಿಗೆ ಜಡೆ ಹಾಕುತ್ತವೆ. ಹಳ್ಳಿಯ ಗೋಬರ್ ಗ್ಯಾಸಿನ ತೊಟ್ಟಿಯಲ್ಲೂ ಇದೇ ಕತೆ. ಸೆಗಣಿಗೆ ಸಮಪಾಲು ನೀರು ಕಲಸಿ ಬಿಡಬೇಕು. ಹುಲ್ಲಿನ ಎಳೆಗಳನ್ನು ಕೈಯಿಂದ ಆರಿಸಿ ತೆಗೆಯದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ, ಮನೆಯವರು ಮಧ್ಯಾಹ್ನದ ಕಾಫಿಗೆ ಸೌದೆ ಒಲೆಯನ್ನೇ ಹಚ್ಚಬೇಕಾಗುತ್ತದೆ.

ನಾರುಗಳನ್ನು ಬಿಡಿಸಿಡಲು ನೀರು ಸುರಿಯುವುದೊಂದೇ ದಾರಿಯಲ್ಲ ಎಂಬುದನ್ನು ಶತಮಾನಗಳ ಹಿಂದೆಯೇ ಕಂಡುಕೊಂಡವರು ಜಪಾನಿನ ಕೈಕಾಗದದ ಕುಶಲಿಗರು. ಅವರ ‘ವಾಶಿ’ ಕಾಗದಕ್ಕೆ ಬಳಸುವ ಕೋಜೊ ಎಂಬ ಗಿಡದ ತೊಗಟೆಯ ನಾರು ಸುಮಾರು ಹತ್ತು ಮಿಲಿಮೀಟರ್ ಉದ್ದ. ದಪ್ಪ ಇಪ್ಪತ್ತು ಮೈಕ್ರಾನ್ ಎಂದು ಹಿಡಿದು ಕೆರೆಕೆಸ್ ಲೆಕ್ಕ ಹಾಕಿದರೆ, ಹತ್ತು ಸಾವಿರ ಪಾಲಿನಲ್ಲಿ ನಾಲ್ಕು ಪಾಲಿಗೇ ಗಂಟು. ಅಷ್ಟು ತೆಳು ನೀರಿನಲ್ಲಿ ಕಾಗದ ಎತ್ತುವುದೆಂದರೆ ಕೆರೆಯನ್ನೇ ಸೋಸಬೇಕು. ಅವರು ಮಾಡುವುದು ಬೇರೆ. ತೊರೊರೊ ಆವೊಯಿ ಎಂಬ ಗಿಡದ ಬೇರನ್ನು ಜಜ್ಜಿ ಲೋಳೆ ತೆಗೆದು ತೊಟ್ಟಿಯ ನೀರಿಗೆ ಬೆರೆಸುತ್ತಾರೆ. ಲೋಳೆ ಬಿದ್ದು ನೀರು ಮಂದವಾಗುತ್ತದೆ. ಮಂದ ನೀರಿನಲ್ಲಿ ನಾರುಗಳು ತಳಕ್ಕೆ ಇಳಿಯುವುದಿಲ್ಲ, ಒಂದರ ಪಕ್ಕ ಒಂದು ಜಾರಿ ಹೋಗುತ್ತವೆಯೇ ಹೊರತು ತೊಡರುವುದಿಲ್ಲ. ಬಿದಿರಿನ ಜಾಲರಿಯಿಂದ ನೀರು ಬಸಿಯುವುದೂ ನಿಧಾನವಾಗಿ, ಹಿಂದೆ ಮುಂದೆ ತೂಗಿ ತೂಗಿ ಪದರದ ಮೇಲೆ ಪದರ ಕೂರಿಸಲು ಸಮಯ ಸಿಗುತ್ತದೆ. ದ್ರವವನ್ನು ಮಂದ ಮಾಡಿ ನಾರನ್ನು ಸರಾಗ ಮಾಡುವ ಈ ಉಪಾಯ ಯಾರಿಗೆ ಹೊಳೆಯಿತೋ, ಅವರಿಗೆ ನಮಸ್ಕಾರ. ಲೋಳೆ ಬೆಚ್ಚಗಾದರೆ ಸತ್ವ ಕಳೆದುಕೊಳ್ಳುತ್ತದೆಂದು ಈ ಕೆಲಸಕ್ಕೆ ಚಳಿಗಾಲವೇ ಹೇಳಿ ಮಾಡಿಸಿದ್ದು. ಕೊರೆಯುವ ನೀರಿನಲ್ಲಿ ಕೈಯಿಟ್ಟು ನಿಲ್ಲುತ್ತಾರೆ. 2014ರಲ್ಲಿ ಯುನೆಸ್ಕೊ ಈ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಆ ತೊರೊರೊ ಆವೊಯಿ ನಮ್ಮ ಬೆಂಡೆಯ ಖಾಸಾ ಒಡಹುಟ್ಟು, ಒಂದೇ ಕುಲದ ಗಿಡ. ಇತ್ತ ನಮ್ಮ ಆಲೆಮನೆಗಳಲ್ಲೂ ಬೆಂಡೆಯ ಲೋಳೆಗೆ ಕೆಲಸವಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆಗಿಡವನ್ನು ಜಜ್ಜಿ ತೆಗೆದ ಲೋಳೆ ಹಾಕಿದರೆ ಕಸರೆಲ್ಲ ಒಟ್ಟಾಗಿ ಮೇಲೆ ತೇಲುತ್ತದೆ, ಜಾಲರಿ ಸೌಟಿನಿಂದ ತೆಗೆದೆಸೆದರೆ ಬೆಲ್ಲಕ್ಕೆ ಬಣ್ಣ ಬರುತ್ತದೆ. ಜಪಾನಿನಲ್ಲಿ ಬಿಡಿಸುವ ಲೋಳೆ ಮಂಡ್ಯದಲ್ಲಿ ಕೂಡಿಸುತ್ತದೆ. ತಣ್ಣಗಿನ ತೊಟ್ಟಿಯಲ್ಲಿ ಅದರ ಉದ್ದುದ್ದ ಅಣುಗಳು ದಪ್ಪ ನಾರುಗಳ ನಡುವೆ ಹರಡಿ ನಿಲ್ಲುತ್ತವೆ. ಕುದಿಯುವ ಕೊಪ್ಪರಿಗೆಯಲ್ಲಿ ಅವು ಸಣ್ಣ ಕೊಳೆಯ ಕಣಗಳನ್ನು ಬಲೆಯ ಹಾಗೆ ಹಿಡಿದು ಗಟ್ಟಿಯಾಗುತ್ತವೆ.

ಇದನ್ನೆಲ್ಲ ಕೇಳಿದ ಮೇಲೆ ಭಾವ ಸುಮಾರು ಹೊತ್ತು ಸುಮ್ಮನಿದ್ದರು. ಹಾಗಾದರೆ ನಿಮ್ಮ ಕಾರ್ಖಾನೆಯಲ್ಲೂ ಬೆಂಡೆ ಬೆಳೆಯಬಹುದಿತ್ತಲ್ಲ ಭಾವ, ಅಷ್ಟು ನೀರು ಉಳಿಯುತ್ತಿತ್ತು ಎಂದೆ.

‘ನೋಡು,’ ಎಂದರು, ‘ಹಾಳೆ ಹಾಳೆ ಎತ್ತುವವರಿಗೆ ನಿಧಾನಕ್ಕೆ ಬಸಿದರೆ ನಡೆಯುತ್ತೆ. ನಮ್ಮ ಮಿಷಿನ್ ನಿಮಿಷಕ್ಕೆ ನೂರಾರು ಮೀಟರ್ ಓಡೋದು. ಲೋಳೆ ಹಾಕಿ ನೀರು ಜಾಲರಿ ಮೇಲೇ ನಿಂತರೆ, ಆ ತುದಿಗೆ ಕಾಗದ ಅಲ್ಲ, ಪಾಯಸ ಬರುತ್ತೆ. ಶಿಫ್ಟ್ ಇನ್‌ಚಾರ್ಜ್ ನಾನು ಬೈಸಿಕೋಬೇಕು.’